ಹಳೆಯ ಹಾಯಿದೋಣಿ ಟ್ರೇಲರ್: ದುರಸ್ತಿ ಮಾಡುವುದೋ, ಬದಲಿಸುವುದೋ?

ಅಮೆರಿಕದ ಮಿಶಿಗನ್ ರಾಜ್ಯದ ಐ-96 ಹೆದ್ದಾರಿಯಲ್ಲಿ ಕೆನ್ಸಿಂಗ್ಟನ್ ಮೆಟ್ರೋಪಾರ್ಕಿನ ತಿರುವಿಗೆ ಇನ್ನೇನು ಎರಡು ಮೈಲಿ ಇದೆ ಅನ್ನುವಾಗ ಪಕ್ಕದಲ್ಲಿ ಬಂದ ಕಾರಿನವರು ಹಾರ್ನ್ ಹೊಡೆದು ಹಿಂದಕ್ಕೆ ಕೈ ತೋರಿಸಿದರು. ಗಾಡಿ ಬದಿಗೆ ಹಾಕಿ ಇಳಿದು ನೋಡಿದರೆ ಟ್ರೇಲರಿನ ಎಡಗಾಲಿಯಿಂದ ಸುಟ್ಟ ಗ್ರೀಸಿನ ವಾಸನೆ, ಸಣ್ಣಗೆ ಹೊಗೆ. ಗಾಲಿಯ ನಡುವಿನ ಹಬ್ಬಿನ ಹತ್ತಿರ ಕೈ ಹಿಡಿಯಲಾಗದಷ್ಟು ಕಾವು. ಗಾಲಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಬಿದ್ದುಹೋಗುವ ಹಲ್ಲಿನಂತೆ ಕಟಕಟ ಅನ್ನುತ್ತಿತ್ತು. ಇನ್ನು ಹತ್ತು ಮೈಲಿ ಹೋಗಿದ್ದರೆ ಆ ಗಾಲಿ ಕಳಚಿ ಯಾರ ಕಾರಿನ ಮೇಲೆ ಬೀಳುತ್ತಿತ್ತೋ. ದೋಣಿ ಮಾರಿದವರು "ಬೇರಿಂಗ್ ಹೋದ ವರ್ಷವಷ್ಟೇ ಹಾಕಿಸಿದ್ದು" ಅಂದಿದ್ದರು. ನಾನು ಬಿಚ್ಚಿ ನೋಡದೆ ಆ ಮಾತನ್ನು ನಂಬಿದ್ದೆ.

ದೋಣಿ 1978ರ ಕ್ಯಾಟಲಿನಾ 22. ಇಪ್ಪತ್ತೊಂದೂವರೆ ಅಡಿ ಉದ್ದ, ಸುಮಾರು 2,250 ಪೌಂಡ್ ತೂಕ. ಅದರಲ್ಲಿ 550 ಪೌಂಡ್, ದೋಣಿ ಮಗುಚದಂತೆ ತಳದಿಂದ ನೀರಿಗಿಳಿಯುವ ಕಬ್ಬಿಣದ ರೆಕ್ಕೆಯಾದ ಮಡಚುವ ಕೀಲ್‌ದೇ. ಫ್ರ್ಯಾಂಕ್ ಬಟ್ಲರ್ ವಿನ್ಯಾಸದ ಈ ದೋಣಿ 1960ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂತು. ಸಾವಿರಾರು ತಯಾರಾದವು, ಅಮೆರಿಕದ ಯಾವ ಕೆರೆಯ ದಂಡೆಗೆ ಹೋದರೂ ಒಂದು ಕಣ್ಣಿಗೆ ಬೀಳುತ್ತದೆ. ಫೈಬರ್‌ಗ್ಲಾಸ್ ಒಡಲು ಐವತ್ತು ವರ್ಷವಾದರೂ ಗಟ್ಟಿಯಾಗಿರುತ್ತದೆ. ಅದನ್ನು ಹೊತ್ತ ಕಬ್ಬಿಣದ ಟ್ರೇಲರ್ ಅಷ್ಟು ಬಾಳುವುದಿಲ್ಲ. ಮಿಶಿಗನ್‌ನ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು, ಬೇಸಿಗೆಯಲ್ಲಿ ಪ್ರತಿ ವಾರ ನೀರಿನಲ್ಲಿ ಮುಳುಗುವುದು, ಮಿಕ್ಕ ತಿಂಗಳು ಹುಲ್ಲಿನ ಮೇಲೆ ನಿಂತಿರುವುದು. ಒಳ್ಳೆಯ ದೋಣಿಗಳು ಮನೆಯ ಹಿತ್ತಲಲ್ಲಿ ಎಲೆ ತುಂಬಿಕೊಂಡು ಕೂತಿರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹತ್ತಿರ ಹೋಗಿ ವಿಚಾರಿಸಿದರೆ ಬಹಳ ಸಲ ಕೇಳುವುದು ಒಂದೇ ಉತ್ತರ: "ಟ್ರೇಲರ್ ಹೋಗಿದೆ."

ಹೋಗಿದೆ ಅಂದರೆ ಏನು ಹೋಗಿದೆ? ಫ್ರೇಮ್ ಗಟ್ಟಿಯಿದ್ದರೆ ಮಿಕ್ಕದ್ದೆಲ್ಲ ನಟ್ಟು ಬೋಲ್ಟಿನ ಕೆಲಸ, ಮನೆಯಂಗಳದಲ್ಲಿ ಮಾಡಿಕೊಳ್ಳಬಹುದು. ಫ್ರೇಮೇ ಹೋಗಿದ್ದರೆ ಅದಕ್ಕೆ ಹೊಸ ಟೈರು, ಹೊಸ ದೀಪ ಹಾಕುವುದು ದುಡ್ಡು ದಂಡ. ಆದ್ದರಿಂದ ಅಂಗಡಿಗೆ ಓಡುವ ಮುಂಚೆ ಒಂದು ಸುತ್ತಿಗೆ ಹಿಡಿದು ಟ್ರೇಲರಿನ ಸುತ್ತ ಒಂದು ಗಂಟೆ ಕಳೆಯಿರಿ.

ಮೊದಲು ಎಲುಬು ತಟ್ಟಿ ನೋಡಿ

ಸಣ್ಣ ಸುತ್ತಿಗೆ, ಹಳೆಯ ಸ್ಕ್ರೂಡ್ರೈವರ್, ತಂತಿ ಬ್ರಷ್, ಟಾರ್ಚ್. ಇಷ್ಟು ಸಾಕು. ಮುಂದಿನ ಕೊಂಡಿಯಿಂದ ಶುರುಮಾಡಿ ಅಂಗೈ ಅಗಲಕ್ಕೆ ಒಂದೊಂದು ಏಟು ಹಾಕುತ್ತಾ ಹಿಂದಕ್ಕೆ ಹೋಗಿ. ಗಟ್ಟಿ ಉಕ್ಕು ಗಂಟೆಯ ಹಾಗೆ ಠಣ್ ಅನ್ನುತ್ತದೆ, ಸುತ್ತಿಗೆ ಪುಟಿದೇಳುತ್ತದೆ. ಒಳಗೆ ತಿಂದುಹೋದ ಜಾಗ ಡಬ್ ಅನ್ನುತ್ತದೆ, ಸುತ್ತಿಗೆ ಅಲ್ಲೇ ಕೂರುತ್ತದೆ, ತುಕ್ಕಿನ ಹಪ್ಪಳ ಉದುರುತ್ತದೆ. ಅಲ್ಲಿ ಸ್ಕ್ರೂಡ್ರೈವರಿನಿಂದ ಜೋರಾಗಿ ಒತ್ತಿ. ಒಳಗಿಳಿದರೆ ಆ ತುಂಡಿನ ಕಥೆ ಮುಗಿಯಿತು.

ಹೊರಗಿನ ಕೆಂಪು ತುಕ್ಕು ನೋಡಿ ಹೆದರಬೇಡಿ, ಬಣ್ಣ ಚೆನ್ನಾಗಿದೆ ಎಂದು ನಂಬಲೂ ಬೇಡಿ. ಸಿ ಆಕಾರದ ಚಾನೆಲ್ ಆಗಿದ್ದರೆ ತುಕ್ಕು ಕಣ್ಣಿಗೆ ಕಾಣುತ್ತದೆ. ಚೌಕದ ಕೊಳವೆಯಾಗಿದ್ದರೆ ನೀರು ಒಳಗೆ ಸೇರಿ, ತಳದಲ್ಲಿ ನಿಂತು, ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಮೇಲೆ ಹೊಸ ಬಣ್ಣ ಹೊಳೆಯುತ್ತಿರುವಾಗಲೇ ಕೆಳಗಿನ ಗೋಡೆ ಕಾಗದದಷ್ಟು ತೆಳ್ಳಗಾಗಿರಬಹುದು. ಹೀಗಾಗಿ ಕೊಳವೆಯನ್ನು ಯಾವಾಗಲೂ ಕೆಳಗಿನಿಂದ ತಟ್ಟಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದ್ದು ಮೂಕಿಯನ್ನು. ಎತ್ತಿನಗಾಡಿ ಕಂಡವರಿಗೆ ಮೂಕಿ ಅಂದರೆ ಗೊತ್ತು, ನೊಗದವರೆಗೆ ಚಾಚಿದ ಮರ. ಟ್ರೇಲರಿಗೂ ಕಾರಿನ ಕೊಂಡಿಯವರೆಗೆ ಚಾಚಿದ ಒಂದು ಮೂಕಿಯಿದೆ. ಅದು ಫ್ರೇಮಿಗೆ ಕೂಡುವ ಜಾಗದಲ್ಲಿ ಬಗ್ಗುವ ಬಲವೆಲ್ಲ ಬೀಳುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ವೆಲ್ಡಿಂಗಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕಿದೆಯೇ ನೋಡಿ. ಬಿರುಕಿನಿಂದ ತುಕ್ಕಿನ ನೀರು ಸೋರಿದ ಸಣ್ಣ ಕಂದು ಗೆರೆಯೇ ಹೆಚ್ಚಾಗಿ ಅದರ ಸುಳಿವು ಕೊಡುತ್ತದೆ. ಇದರ ನಂತರ ಕಮಾನು ಪಟ್ಟಿಯನ್ನು (ಲೀಫ್ ಸ್ಪ್ರಿಂಗ್) ಹಿಡಿದಿರುವ ಹ್ಯಾಂಗರ್‌ಗಳು, ಅಡ್ಡ ಪಟ್ಟಿಗಳು, ದೋಣಿಯನ್ನು ಟ್ರೇಲರಿನ ಮೇಲೆ ಎಳೆದುಕೊಳ್ಳುವ ವಿಂಚ್ ನಿಂತಿರುವ ಕಂಬದ ಬುಡ.

ಎರಡೋ ಮೂರೋ ಅಡ್ಡಪಟ್ಟಿ ಹೋಗಿವೆ, ಅವು ಬೋಲ್ಟಿನಿಂದ ಕೂಡಿವೆ ಅಂದರೆ ಚಿಂತೆಯಿಲ್ಲ, ಅದೇ ಅಳತೆಯ ಗ್ಯಾಲ್ವನೈಸ್ (ಸತುವಿನ ಲೇಪ ಕೊಟ್ಟ) ಚಾನೆಲ್ ತಂದು ಹಾಕಿ. ಮೂಕಿ ಒಂದೇ ಹೋಗಿದ್ದು ಉದ್ದದ ಪಟ್ಟಿಗಳು ಗಟ್ಟಿಯಿದ್ದರೆ ಮೂಕಿಯನ್ನೂ ಬದಲಿಸಬಹುದು, ಆದರೆ ಅದು ಕಸುಬು ಬಲ್ಲ ವೆಲ್ಡರಿನ ಕೆಲಸ. ಉದ್ದದ ಎರಡು ಮುಖ್ಯ ಪಟ್ಟಿಗಳಲ್ಲೇ ಅಲ್ಲಲ್ಲಿ ಸ್ಕ್ರೂಡ್ರೈವರ್ ಇಳಿಯಿತೋ, ಆ ಟ್ರೇಲರನ್ನು ಗುಜರಿಗೆ ಕಳಿಸಿ. ತೇಪೆ ಹಾಕಿದರೆ ತೇಪೆಯ ಪಕ್ಕದಲ್ಲಿ ಮುರಿಯುತ್ತದೆ.

ವೆಲ್ಡಿಂಗ್ ಬಗ್ಗೆ ಒಂದು ಎಚ್ಚರಿಕೆ. ಗ್ಯಾಲ್ವನೈಸ್ ಆದ ಉಕ್ಕಿಗೆ ಹಾಗೇ ವೆಲ್ಡ್ ಮಾಡಿದರೆ ಸತುವಿನ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಅಂದೇ ರಾತ್ರಿ ಚಳಿಜ್ವರ ಬರುತ್ತದೆ. ಬೆಸುಗೆಯ ಜಾಗದ ಸತುವನ್ನು ಪೂರ್ತಿ ಉಜ್ಜಿ ತೆಗೆದು, ಗಾಳಿಯಾಡುವಲ್ಲಿ, ತಕ್ಕ ಮುಖಗವಸು ಹಾಕಿಕೊಂಡೇ ಮಾಡಬೇಕು. ಆಮೇಲೆ ಆ ಜಾಗಕ್ಕೆ ಸತು ಹೆಚ್ಚಿರುವ ಬಣ್ಣ ಹೊಡೆಯಬೇಕು.

ದೋಣಿಯನ್ನು ಇಳಿಸುವುದು

ಚಪ್ಪಟೆ ತಳದ ಸಣ್ಣ ದೋಣಿಯಾದರೆ ಸುಲಭ. ಟ್ರೇಲರಿನ ಮೂಕಿಯನ್ನು ಜಾಕ್‌ನಿಂದ ತಗ್ಗಿಸಿ, ದೋಣಿಯ ಹಿಂತುದಿಯ ಕೆಳಗೆ ಮರದ ದಿಮ್ಮಿ ಕೊಟ್ಟು, ಮೂಕಿ ಎತ್ತಿದರೆ ಹಿಂಭಾಗ ದಿಮ್ಮಿಯ ಮೇಲೆ ನಿಲ್ಲುತ್ತದೆ. ಆಮೇಲೆ ಮುಂತುದಿಗೂ ಆಸರೆ ಕೊಟ್ಟು, ಮೂಕಿ ಇಳಿಸಿ, ಟ್ರೇಲರನ್ನು ಮುಂದಕ್ಕೆ ಎಳೆದುಕೊಳ್ಳಬಹುದು. ಕ್ಯಾಟಲಿನಾ 22ರಂಥ ಕೀಲ್ ದೋಣಿಗೆ ಈ ಉಪಾಯ ನಡೆಯುವುದಿಲ್ಲ. ಕೀಲ್ ಮಡಚಿದರೂ ತಳದಿಂದ ಕೆಳಗೆ ಇಳಿದೇ ಇರುತ್ತದೆ, ಟ್ರೇಲರನ್ನು ಎಳೆದರೆ ಹಿಂದಿನ ಅಡ್ಡಪಟ್ಟಿ ಅದಕ್ಕೆ ತಗುಲುತ್ತದೆ. ದೋಣಿಯನ್ನು ನೀರಿಗಿಳಿಸಿ ಎರಡು ವಾರಕ್ಕೆ ಮರೀನಾದಲ್ಲಿ ಕಟ್ಟುವ ಜಾಗ ಬಾಡಿಗೆಗೆ ಹಿಡಿದರೆ ಕೆಲಸ ಎಷ್ಟೋ ನೆಮ್ಮದಿ. ದೋಣಿ ತೇಲುತ್ತಿರುತ್ತದೆ, ಟ್ರೇಲರ್ ನಿಮ್ಮ ಅಂಗಳದಲ್ಲಿ ಬರಿದಾಗಿ ನಿಂತಿರುತ್ತದೆ. ನೀರಿನವರೆಗೂ ಒಯ್ಯಲಾಗದ ಸ್ಥಿತಿಯಿದ್ದರೆ ದೋಣಿ ಎತ್ತುವ ಯಂತ್ರವಿರುವ ಯಾರ್ಡಿನವರನ್ನು ಕರೆಸಿ.

ಬೇರಿಂಗು, ಗಾಲಿ ಬದಲಿಸಲು ದೋಣಿ ಇಳಿಸಬೇಕಿಲ್ಲ. ಆದರೆ ಬರೀ ಜಾಕ್ ಮೇಲೆ ನಿಂತ ಭಾರದ ಕೆಳಗೆ ಕೈಯನ್ನೂ ಹಾಕಬೇಡಿ. ಜಾಕ್ ಎತ್ತಲು ಮಾತ್ರ, ಹೊರಲು ಜಾಕ್ ಸ್ಟ್ಯಾಂಡೇ ಬೇಕು. ಕಾಂಕ್ರೀಟ್ ಇಟ್ಟಿಗೆ ಒಳಗೆ ಟೊಳ್ಳು, ಒಮ್ಮೆಲೇ ಪುಡಿಯಾಗುತ್ತದೆ.

ಬೇರಿಂಗ್

ರಸ್ತೆಯಲ್ಲಿ ಕೈಕೊಡುವುದು ಹೆಚ್ಚಾಗಿ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ದೋಣಿಯ ಟ್ರೇಲರಿಗೆ ಮಾತ್ರ ಇರುವ ತೊಂದರೆಯೊಂದಿದೆ. ಐವತ್ತು ಮೈಲಿ ಓಡಿದ ಹಬ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ರ‍್ಯಾಂಪ್ ತಲುಪಿದ ಕೂಡಲೇ ಹಿಮ್ಮುಖವಾಗಿ ತಣ್ಣೀರಿಗೆ ಇಳಿಸುತ್ತೀರಿ. ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಹಿಂದಿನ ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಆ ನೀರು ಗ್ರೀಸಿನಲ್ಲಿ ಬೆರೆತು ಚಳಿಗಾಲವಿಡೀ ಅಲ್ಲೇ ಇರುತ್ತದೆ. ನನ್ನ ಎಡಗಾಲಿಯ ಹಬ್ ಬಿಚ್ಚಿದಾಗ ಕಂಡದ್ದು ಕಪ್ಪು ಗ್ರೀಸ್ ಅಲ್ಲ, ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ. ಅದನ್ನು ಒರೆಸಿದರೆ ಒಳಗಿನ ಬೇರಿಂಗಿನ ಉರುಳೆಗಳ ಮೇಲೆಲ್ಲ ತುಕ್ಕಿನ ಚುಕ್ಕೆ, ಒಂದು ಉರುಳೆ ಅರ್ಧಕ್ಕೆ ಒಡೆದಿತ್ತು.

ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಎದುರಿನ ಗಾಲಿಗೆ ಕಟ್ಟೆ ಕೊಡಿ, ಟ್ರೇಲರ್ ಕಾರಿಗೆ ಕೂಡಿಯೇ ಇರಲಿ. ಕಮಾನು ಪಟ್ಟಿ ಅಚ್ಚಿಗೆ ಕೂಡುವ ಜಾಗದ ಹತ್ತಿರ ಜಾಕ್ ಕೊಟ್ಟು ಎತ್ತಿ. ಅಚ್ಚಿನ ನಡುಮಧ್ಯೆ ಎತ್ತಿದರೆ ಅದು ಬಾಗುತ್ತದೆ. ಗಾಲಿ ಕಳಚಿ, ಹಬ್ಬಿನ ಮುಚ್ಚಳವನ್ನು ಸುತ್ತಲೂ ಮೆಲ್ಲನೆ ತಟ್ಟಿ ತೆಗೆಯಿರಿ. ಒಳಗೆ ನಟ್ಟು, ನಟ್ಟು ತಿರುಗದಂತೆ ತಡೆಯುವ ಪಿನ್ನು. ಗಾಡಿಗೆ ಕಡಾಣಿ ಹೇಗೋ ಇದಕ್ಕೆ ಈ ಪಿನ್ನು ಹಾಗೆ. ಹಳೆಯದನ್ನು ಮತ್ತೆ ಬಳಸಬೇಡಿ. ನಟ್ಟು ಬಿಚ್ಚಿ ಹಬ್ ಎಳೆದರೆ ಹೊರಗಿನ ಬೇರಿಂಗ್ ಕೈಗೆ ಬರುತ್ತದೆ. ಹಿಂದಿನ ಸೀಲನ್ನು ಮೀಟಿ ತೆಗೆದರೆ ಒಳಗಿನದೂ ಬರುತ್ತದೆ.

ಬೇರಿಂಗಿನ ಮೇಲೆ ಸಣ್ಣಕ್ಷರದಲ್ಲಿ ನಂಬರ್ ಕೊರೆದಿರುತ್ತದೆ, ಬರೆದುಕೊಳ್ಳಿ. 3,500 ಪೌಂಡಿನ ಸಾಮಾನ್ಯ ಅಚ್ಚಿಗೆ ಒಳಗಡೆ ಎಲ್68149, ಹೊರಗಡೆ ಎಲ್44649 ಇರುವುದು ಹೆಚ್ಚು. 2,000 ಪೌಂಡಿನ ಎಷ್ಟೋ ಅಚ್ಚುಗಳಿಗೆ ಎರಡೂ ಕಡೆ ಎಲ್44649 ಬರುತ್ತದೆ. ನಿಮ್ಮದೂ ಅದೇ ಎಂದು ಊಹಿಸಿಕೊಂಡು ತರಬೇಡಿ, ನಂಬರ್ ಓದಿ, ಇಲ್ಲವೇ ಬೇರಿಂಗ್ ಕೂರುವ ಅಚ್ಚಿನ ತುದಿಯನ್ನು ಕ್ಯಾಲಿಪರ್‌ನಿಂದ ಅಳೆದು ತನ್ನಿ. ಬೇರಿಂಗ್, ಅದು ಕೂರುವ ಬಳೆ, ಸೀಲ್ ಮೂರನ್ನೂ ಒಟ್ಟಿಗೇ ಬದಲಿಸಿ. ಹಳೆಯ ಬಳೆಯಲ್ಲಿ ಹೊಸ ಬೇರಿಂಗ್ ಕೂರಿಸಿದರೆ ಹಳೆಯ ಸವೆತವೇ ಹೊಸದನ್ನು ತಿನ್ನುತ್ತದೆ.

ಹಬ್ಬನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಹಳೆಯ ಬಳೆಗಳನ್ನು ಹಿತ್ತಾಳೆಯ ಸರಳಿಟ್ಟು ಹಿಂದಿನಿಂದ ಹೊಡೆದು ತೆಗೆಯಿರಿ. ಹೊಸದನ್ನು ಕೂರಿಸುವಾಗ ಹಳೆಯ ಬಳೆಯನ್ನೇ ಅದರ ಮೇಲಿಟ್ಟು ಹೊಡೆಯಬಹುದು. ಸುತ್ತಲೂ ಸಮನಾಗಿ ತಟ್ಟುತ್ತಾ ಹೋದರೆ ಟಪ್ ಟಪ್ ಅನ್ನುತ್ತಿದ್ದ ದನಿ ಇದ್ದಕ್ಕಿದ್ದಂತೆ ಟಣ್ ಅಂತ ಗಟ್ಟಿಯಾಗುತ್ತದೆ. ಬಳೆ ತಳ ಮುಟ್ಟಿತು ಎಂದರ್ಥ, ಅಲ್ಲಿಗೆ ನಿಲ್ಲಿಸಿ.

ಗ್ರೀಸ್ ತುಂಬುವುದು ಕೈಯ ಕೆಲಸ. ದೋಣಿ ಟ್ರೇಲರಿಗೆಂದೇ ಮಾರುವ ನೀರು ತಡೆಯುವ ಗ್ರೀಸನ್ನು ಎಡ ಅಂಗೈಯಲ್ಲಿ ನಿಂಬೆಗಾತ್ರ ತೆಗೆದುಕೊಳ್ಳಿ. ಬಲಗೈಯಲ್ಲಿ ಬೇರಿಂಗ್ ಹಿಡಿದು, ಅದರ ಅಗಲವಾದ ಅಂಚನ್ನು ಅಂಗೈಗೆ ಒತ್ತಿ ಒತ್ತಿ ಕೆರೆಯುತ್ತಾ ಹೋಗಿ. ಮೊದಲ ಐದಾರು ಸಲ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಮೇಲಿನ ಅಂಚಿನಲ್ಲಿ ಉರುಳೆಗಳ ನಡುವಿನಿಂದ ಶ್ಯಾವಿಗೆಯ ಹಾಗೆ ಗ್ರೀಸ್ ಹೊರಬರುತ್ತದೆ. ಹಾಗೆ ಸುತ್ತಲೂ ಬರಬೇಕು. ನನ್ನ ಅಜ್ಜ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವಾಗ ಬೆರಳನ್ನು ಸುತ್ತಲೂ ಆಡಿಸಿ ಒಣ ಜಾಗ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಇಲ್ಲೂ ಬೇಕಾಗಿರುವುದು ಅದೇ ಆಸ್ಥೆ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಕೂಡಿದರೆ ನೀರಾಗಿ ಹರಿದುಹೋಗುತ್ತವೆ.

ಒಳಗಿನ ಬೇರಿಂಗ್ ಇಟ್ಟು, ಸೀಲನ್ನು ಚಪ್ಪಟೆ ಮರದ ತುಂಡಿನಿಂದ ಓರೆಯಾಗದಂತೆ ತಟ್ಟಿ ಕೂರಿಸಿ. ಹಬ್ಬನ್ನು ಅಚ್ಚಿಗೆ ಏರಿಸಿ, ಹೊರಗಿನ ಬೇರಿಂಗ್, ವಾಷರ್, ನಟ್ಟು. ಈಗ ಹಬ್ಬನ್ನು ಕೈಯಿಂದ ತಿರುಗಿಸುತ್ತಲೇ ನಟ್ಟನ್ನು ಪಾನದಿಂದ ಗಟ್ಟಿಯಾಗಿ ಬಿಗಿಯಿರಿ, ಬೇರಿಂಗುಗಳು ತಮ್ಮ ಜಾಗಕ್ಕೆ ಕೂರಲಿ. ನಂತರ ನಟ್ಟನ್ನು ಪೂರ್ತಿ ಸಡಿಲಿಸಿ, ಬರಿಗೈಯಿಂದ ಮಾತ್ರ ಮತ್ತೆ ತಿರುಗಿಸಿ, ಬೆರಳಿಗೆ ತಡೆ ಸಿಕ್ಕಲ್ಲಿಗೆ ಬಿಡಿ. ಪಿನ್ನಿನ ತೂತು ಸರಿಯಾಗಿ ಎದುರಾಗದಿದ್ದರೆ ಸ್ವಲ್ಪ ಹಿಂದಕ್ಕೇ ತಿರುಗಿಸಿ, ಮುಂದಕ್ಕಲ್ಲ. ಹೆಚ್ಚು ಬಿಗಿದ ಬೇರಿಂಗ್ ಕಾದು ಸುಡುತ್ತದೆ. ಗಾಲಿ ಹಾಕಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಕಂಡೂ ಕಾಣದಷ್ಟು ಅಲುಗಾಟ ಇರಬಹುದು, ಕಟಕಟ ಸದ್ದು ಬರಬಾರದು.

ಬೇರಿಂಗ್ ಬಡ್ಡಿ ಎಂಬ ಸ್ಪ್ರಿಂಗ್ ಮುಚ್ಚಳ ಸಿಗುತ್ತದೆ. ಒಳಗಿನ ಗ್ರೀಸಿಗೆ ಸಣ್ಣ ಒತ್ತಡ ಕೊಟ್ಟು ನೀರು ಬಾರದಂತೆ ತಡೆಯುತ್ತದೆ, ಒಳ್ಳೆಯ ಸಾಮಾನು. ಆದರೆ ಗ್ರೀಸ್ ಗನ್ ಹಿಡಿದು ಪ್ರತಿ ಸಲ ತುಂಬುತ್ತಾ ಹೋದರೆ ಹಿಂದಿನ ಸೀಲೇ ಕಿತ್ತುಬರುತ್ತದೆ. ಅದನ್ನು ಹಾಕಿಸಿದ್ದೇವೆಂದು ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದನ್ನು ಬಿಡಬೇಡಿ. ನನ್ನ ಸುಟ್ಟುಹೋದ ಹಬ್ಬಿಗೂ ಅದೇ ಮುಚ್ಚಳವಿತ್ತು.

ಅಚ್ಚು ಮತ್ತು ಕಮಾನು ಪಟ್ಟಿ

ಹಬ್ ತೆಗೆದಾಗ ಅಚ್ಚಿನ ತುದಿಯನ್ನು ಉಗುರಿನಿಂದ ಕೆರೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ, ಕಾವಿಗೆ ನೀಲಿ ಬಣ್ಣ ಬಂದಿದ್ದರೆ ಆ ಅಚ್ಚಿಗೆ ಹೊಸ ಬೇರಿಂಗ್ ಹಾಕಿ ಪ್ರಯೋಜನವಿಲ್ಲ. ಅಚ್ಚನ್ನೇ ಬದಲಿಸಿ. ಹೊಸ ಅಚ್ಚಿಗೆ ಎರಡು ಅಳತೆ ಬೇಕು: ಒಂದು ಹಬ್ಬಿನ ಮುಖದಿಂದ ಇನ್ನೊಂದು ಹಬ್ಬಿನ ಮುಖಕ್ಕೆ, ಮತ್ತು ಒಂದು ಕಮಾನು ಪಟ್ಟಿಯ ನಡುವಿನಿಂದ ಇನ್ನೊಂದರ ನಡುವಿಗೆ. ಅಚ್ಚು ನೇರವೋ, ತುದಿ ಮೇಲೆದ್ದು ಟ್ರೇಲರನ್ನು ತಗ್ಗಿಸುವಂಥದ್ದೋ ಎಂಬುದನ್ನೂ ನೋಡಿಕೊಳ್ಳಿ.

ಲೀಫ್ ಸ್ಪ್ರಿಂಗ್ ಅನ್ನುವುದು ನಮ್ಮ ಲಾರಿಯವರ ಕಮಾನು ಪಟ್ಟಿಯೇ. ಎಲೆಗಳ ನಡುವೆ ತುಕ್ಕು ಉಬ್ಬಿ ಅವು ಬಿಟ್ಟುಕೊಂಡಿದ್ದರೆ, ಕಮಾನು ನೇರವಾಗಿ ಚಪ್ಪಟೆಯಾಗಿದ್ದರೆ ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿ. ಹಳೆಯ ಯು-ಬೋಲ್ಟ್‌ಗಳನ್ನು ಬಿಚ್ಚಲು ಹೆಣಗಬೇಡಿ, ಗ್ರೈಂಡರಿನಿಂದ ಕತ್ತರಿಸಿ ಹೊಸದು ಹಾಕಿ. ಅಚ್ಚಿನ ನಡುವೆ ಸಣ್ಣ ಉಬ್ಬಿರುತ್ತದೆ, ಉಬ್ಬು ಮೇಲ್ಮುಖವಾಗಿರಬೇಕು. ಬಿಗಿಯುವ ಮುಂಚೆ ಮುಂದಿನ ಕೊಂಡಿಯ ನಡುವಿನಿಂದ ಅಚ್ಚಿನ ಎರಡು ತುದಿಗಳಿಗೂ ಟೇಪ್ ಹಿಡಿದು ನೋಡಿ. ಎರಡು ಅಳತೆಯೂ ಸಮವಿರಬೇಕು, ಕಾಲು ಇಂಚು ಹೆಚ್ಚುಕಡಿಮೆಯಾದರೂ ಟ್ರೇಲರ್ ಓರೆಯಾಗಿ ಓಡಿ ಟೈರು ತಿನ್ನುತ್ತದೆ. ಒಳಗೆ ರಬ್ಬರ್ ಇರುವ ಟಾರ್ಷನ್ ಅಚ್ಚಾಗಿದ್ದು ಅದು ಜೋತುಬಿದ್ದಿದ್ದರೆ ದುರಸ್ತಿಯಿಲ್ಲ, ಬದಲಿಸುವುದೊಂದೇ ದಾರಿ.

ಟೈರಿನ ಲೆಕ್ಕ

ಟ್ರೇಲರಿನ ಟೈರು ಸವೆಯುವುದಕ್ಕಿಂತ ಮೊದಲು ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಇರಲಿ, ಬದಲಿಸಿ. ಕಾರಿನ ಟೈರಲ್ಲ, ಎಸ್‌ಟಿ ಎಂದು ಬರೆದ ಟ್ರೇಲರ್ ಟೈರೇ ಬೇಕು.

ಇಲ್ಲಿ ನಾನು ಕಲಿತದ್ದೊಂದನ್ನು ಹೇಳಬೇಕು. ನನ್ನ ಅಚ್ಚಿನ ಮೇಲೆ 3,500 ಪೌಂಡ್ ಎಂದು ಬರೆದಿತ್ತು, ನೆಮ್ಮದಿಯಾಗಿದ್ದೆ. ಲಾರಿಗಳು ತೂಗುವ ಕಟ್ಟೆಗೆ ಒಯ್ದು ತೂಗಿಸಿದರೆ ದೋಣಿ, ಮೋಟಾರು, ಲಂಗರು, ಹಾಯಿ, ಟ್ರೇಲರ್ ಎಲ್ಲ ಸೇರಿ 3,380 ಪೌಂಡ್. ಅದರಲ್ಲಿ ಹತ್ತನೇ ಒಂದು ಭಾಗ ಕಾರಿನ ಕೊಂಡಿಯ ಮೇಲೆ, ಉಳಿದ 3,040 ಎರಡು ಟೈರಿನ ಮೇಲೆ. ಹಾಕಿದ್ದ ಟೈರು ಎಸ್‌ಟಿ175/80ಆರ್13, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಸಿ. ಒಂದೊಂದೂ 50 ಪಿಎಸ್‌ಐ ಗಾಳಿಯಲ್ಲಿ 1,360 ಪೌಂಡ್ ಹೊರುತ್ತದೆ, ಎರಡೂ ಸೇರಿ 2,720. ಅಂದರೆ ವರ್ಷಗಳಿಂದ ಆ ಟ್ರೇಲರ್ 320 ಪೌಂಡ್ ಹೆಚ್ಚು ಹೊತ್ತು ಓಡಾಡಿತ್ತು. ಅಚ್ಚು, ಟೈರು, ಕೊಂಡಿ, ವಿಂಚ್, ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಟ್ರೇಲರಿನ ಶಕ್ತಿ. ಲೋಡ್ ರೇಂಜ್ ಡಿ ಟೈರು ಹಾಕಿಸಿದೆ. ಅದಕ್ಕೆ 65 ಪಿಎಸ್‌ಐ ಗಾಳಿ ಬೇಕು, ರಿಮ್ ಕೂಡ ಅಷ್ಟು ಒತ್ತಡ ತಾಳುವಂಥದ್ದಾಗಿರಬೇಕು, ಅದನ್ನೂ ನೋಡಿ ತನ್ನಿ.

ಕೀಲ್ ಕೂರುವ ಹಲಗೆ

ಮೋಟಾರು ದೋಣಿಯ ಟ್ರೇಲರಿನಲ್ಲಿ ಎರಡು ಪಕ್ಕದ ಹಲಗೆಗಳೇ ಭಾರ ಹೊರುತ್ತವೆ. ಕೀಲ್ ಇರುವ ಹಾಯಿದೋಣಿಯಲ್ಲಿ ಭಾರ ನಡುವಿನ ಕೀಲ್ ಹಲಗೆಯ ಮೇಲೆ ಕೂರಬೇಕು, ಪಕ್ಕದವು ದೋಣಿ ವಾಲದಂತೆ ಹಿಡಿದರೆ ಸಾಕು. ಇದು ತಪ್ಪಿದರೆ ಪಕ್ಕದ ಹಲಗೆ ತಾಗುವ ಕಡೆ ಫೈಬರ್‌ಗ್ಲಾಸ್ ಒಳಕ್ಕೆ ತಗ್ಗುತ್ತದೆ. ದೋಣಿಯನ್ನು ಟ್ರೇಲರಿಗೆ ಏರಿಸಿದ ಮೇಲೆ ಮಡಚುವ ಕೀಲನ್ನು ಮೆಲ್ಲನೆ ಇಳಿಸಿ ಹಲಗೆಯ ಮೇಲೆ ಕೂರಿಸಿ, ಅದನ್ನು ಎತ್ತುವ ಕೇಬಲ್ ಸ್ವಲ್ಪ ಸಡಿಲಾಗಲಿ. 550 ಪೌಂಡ್ ಎರಕದ ಕಬ್ಬಿಣ ಪ್ರತಿ ಹಳ್ಳಕ್ಕೂ ಕೇಬಲ್ ಮೇಲೆ ಜಗ್ಗಬಾರದು.

ಹಲಗೆಗೆ ಔಷಧ ಹಾಕಿದ ಮರ ತನ್ನಿ. 2004ರಿಂದೀಚೆಗೆ ಅಮೆರಿಕದಲ್ಲಿ ಮನೆಬಳಕೆಗೆ ಸಿಗುವ ಇಂಥ ಮರದಲ್ಲಿ ತಾಮ್ರದ ಅಂಶ ಹೆಚ್ಚು, ಸಾದಾ ಬೋಲ್ಟನ್ನು ಬೇಗ ತಿನ್ನುತ್ತದೆ. ಹಾಟ್ ಡಿಪ್ ಗ್ಯಾಲ್ವನೈಸ್ ಅಥವಾ ಸ್ಟೇನ್‌ಲೆಸ್ ಬೋಲ್ಟ್ ಬಳಸಿ, ತಲೆ ಮರದೊಳಗೆ ಹುದುಗಿರಲಿ. ಹೊರಾಂಗಣದ ಕಾರ್ಪೆಟ್ ಸುತ್ತಿ, ಸ್ಟೇಪಲ್‌ಗಳನ್ನು ಪಕ್ಕಕ್ಕೂ ಕೆಳಗೂ ಹೊಡೆಯಿರಿ, ದೋಣಿ ಕೂರುವ ಮೇಲ್ಭಾಗಕ್ಕಲ್ಲ.

ಮೂಕಿಭಾರ

ಎತ್ತಿನಗಾಡಿಗೆ ಹುಲ್ಲು ಹೇರುವವರು ಮೂಕಿಭಾರ ನೋಡಿಯೇ ಹೇರುತ್ತಾರೆ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಸವೆಯುತ್ತದೆ. ಟ್ರೇಲರಿಗೂ ಅದೇ ನಿಯಮ. ಒಟ್ಟು ತೂಕದ ಶೇ. 10ರ ಆಸುಪಾಸು ಕೊಂಡಿಯ ಮೇಲಿರಲಿ. ತೀರಾ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸಲು ಶುರುಮಾಡುತ್ತದೆ, ಒಮ್ಮೆ ಶುರುವಾದರೆ ಕಾರನ್ನೂ ಉರುಳಿಸಬಲ್ಲದು.

ಮನೆಯಲ್ಲಿ ಮೈತೂಕ ನೋಡುವ ಎಷ್ಟೋ ಯಂತ್ರಗಳು 340 ಪೌಂಡ್ ಹೊರುವುದಿಲ್ಲ, ಅದಕ್ಕೊಂದು ದಾರಿಯಿದೆ. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ತೂಕದ ಯಂತ್ರದ ಮೇಲೆ, ಎರಡೂ ಒಂದೇ ಎತ್ತರದಲ್ಲಿ. ಎರಡು ಆಸರೆಗಳ ನಡುವೆ ಮೂರು ಅಡಿ ಇರಲಿ. ಇಟ್ಟಿಗೆಯಿಂದ ಒಂದು ಅಡಿ ದೂರದಲ್ಲಿ ಮೂಕಿಯನ್ನು ಹಲಗೆಯ ಮೇಲೆ ಇಳಿಸಿ. ಯಂತ್ರ ತೋರಿದ್ದನ್ನು ಮೂರರಿಂದ ಗುಣಿಸಿದರೆ ಮೂಕಿಭಾರ. ಭಾರ ಸರಿಯಿಲ್ಲದಿದ್ದರೆ ವಿಂಚ್ ಕಂಬವನ್ನು ಹಿಂದೆ ಮುಂದೆ ಸರಿಸಿ. ಇದು ಸಣ್ಣ ಬದಲಾವಣೆಯಲ್ಲ. ದೋಣಿ 2,600 ಪೌಂಡ್ ಇದ್ದು ಕೊಂಡಿಯಿಂದ ಅಚ್ಚಿಗೆ 15 ಅಡಿ ಇದ್ದರೆ, ದೋಣಿ ಒಂದು ಅಡಿ ಮುಂದೆ ಸರಿದರೂ ಮೂಕಿಯ ಮೇಲೆ 170 ಪೌಂಡಿಗೂ ಹೆಚ್ಚು ಏರುತ್ತದೆ.

ಕಾರಿನ ಹಿಂದೆ ಕೊಂಡಿ ಕೂರುವ ಉಕ್ಕಿನ ಗುಂಡು, ಕೊಂಡಿಯ ಮೇಲೆ ಅಚ್ಚೊತ್ತಿದ ಅಳತೆಯದೇ ಇರಲಿ. 2 ಇಂಚಿನ ಕೊಂಡಿ 1⅞ ಇಂಚಿನ ಗುಂಡಿನ ಮೇಲೂ ಕೂತಂತೆ ಕಾಣುತ್ತದೆ, ಮೊದಲ ಉಬ್ಬಿನಲ್ಲಿ ಹಾರಿಹೋಗುತ್ತದೆ. ಸುರಕ್ಷಾ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಕಟ್ಟಿ. ಕೊಂಡಿ ಕಳಚಿದರೂ ಮೂಕಿ ರಸ್ತೆಗೆ ಬೀಳದೆ ತೊಟ್ಟಿಲಿನಂತೆ ಅದರ ಮೇಲೆ ಕೂರುತ್ತದೆ.

ದೀಪ, ಬ್ರೇಕು

ಹಳೆಯ ವೈರಿಂಗಿನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ, ಪೂರ್ತಿ ಕಿತ್ತು ಹೊಸದು ಎಳೆಯಿರಿ, ಅರ್ಧ ದಿನದ ಕೆಲಸ. ಬಿಳಿ ತಂತಿ ಅರ್ತ್, ಕಂದು ಹಿಂದಿನ ದೀಪ, ಹಳದಿ ಎಡ ತಿರುವು ಮತ್ತು ಬ್ರೇಕ್, ಹಸಿರು ಬಲ ತಿರುವು ಮತ್ತು ಬ್ರೇಕ್. ಟ್ರೇಲರ್ ದೀಪದ ತೊಂದರೆ ಹೆಚ್ಚಾಗಿ ಅರ್ತ್‌ನದು. ತುಕ್ಕು ಹಿಡಿದ ಫ್ರೇಮನ್ನು ನಂಬದೆ ಪ್ರತಿ ದೀಪದಿಂದಲೂ ಬಿಳಿ ತಂತಿಯನ್ನು ಮುಂದಿನವರೆಗೆ ತನ್ನಿ. ನೀರು ಹೋಗದ ಎಲ್‌ಇಡಿ ದೀಪವೇ ಇರಲಿ. 80 ಇಂಚು ಅಥವಾ ಅದಕ್ಕಿಂತ ಅಗಲವಾದ ಟ್ರೇಲರಿಗೆ ಹಿಂಭಾಗದ ನಡುವೆ ಮೂರು ಕೆಂಪು ದೀಪಗಳ ಸಾಲೂ ಬೇಕು.

ಬ್ರೇಕಿನ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅನೇಕ ರಾಜ್ಯಗಳಲ್ಲಿ 3,000 ಪೌಂಡ್ ದಾಟಿದರೆ ಟ್ರೇಲರಿಗೂ ಬ್ರೇಕ್ ಕಡ್ಡಾಯ. ಕಾನೂನು ಕೇಳದಿದ್ದರೂ ಈ ತೂಕಕ್ಕೆ ಬ್ರೇಕ್ ಹಾಕಿಸಿ ಎಂದೇ ನಾನು ಹೇಳುತ್ತೇನೆ, ಅಚ್ಚು ಬದಲಿಸುವಾಗಲೇ ಬ್ರೇಕ್ ಕೂರಿಸುವ ತಟ್ಟೆಯಿರುವ ಅಚ್ಚು ತಂದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಉಪ್ಪುನೀರಿಗೆ ಇಳಿಸುವವರು ಪ್ರತಿ ಸಲವೂ ಬ್ರೇಕ್ ಡ್ರಮ್ಮಿನ ಒಳಗೂ ಸಿಹಿನೀರು ಹಾಯಿಸಿ ತೊಳೆಯಬೇಕು.

ಬದಲಿಸುವುದೇ ಆದರೆ

ಫ್ರೇಮ್ ಹೋಗಿದ್ದರೆ ಎರಡು ದಾರಿ. ನಿಮ್ಮ ದೋಣಿಯ ಮಾದರಿಗೇ ಮಾಡಿದ ಹೊಸ ಗ್ಯಾಲ್ವನೈಸ್ ಅಥವಾ ಅಲ್ಯೂಮಿನಿಯಂ ಟ್ರೇಲರ್ ಕೊಳ್ಳುವುದು ಮೊದಲನೆಯದು. ದುಬಾರಿ ಹೌದು, ಎಷ್ಟೋ ಸಲ ಹಳೆಯ ದೋಣಿಗಿಂತ ಹೆಚ್ಚು. ಎರಡನೆಯದು, ಅದೇ ಮಾದರಿಯ ದೋಣಿ ಹಾಳಾಗಿ ಟ್ರೇಲರ್ ಚೆನ್ನಾಗಿರುವುದನ್ನು ಹುಡುಕುವುದು. ಕ್ಯಾಟಲಿನಾ 22ರಂಥ ಜನಪ್ರಿಯ ದೋಣಿಗೆ ಇದು ಸಾಧ್ಯ. ಬಿಟ್ಟುಹೋದ ದೋಣಿಯೊಂದನ್ನು ಅದರ ಟ್ರೇಲರಿಗಾಗಿಯೇ ಕೊಂಡು, ಹಾಯಿಗಂಬ, ವಿಂಚ್, ಚುಕ್ಕಾಣಿಗಳನ್ನು ಬಿಡಿಭಾಗವಾಗಿ ಇಟ್ಟುಕೊಂಡವರಿದ್ದಾರೆ. ಹಳೆಯ ಒಡಲನ್ನು ವಿಲೇವಾರಿ ಮಾಡುವ ಖರ್ಚನ್ನು ಮೊದಲೇ ವಿಚಾರಿಸಿಕೊಳ್ಳಿ.

ಮೋಟಾರು ದೋಣಿಯ ಟ್ರೇಲರ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಮಾರ್ಪಡಿಸಲು ಹೋಗಬೇಡಿ. ಅದರ ಅಡ್ಡಪಟ್ಟಿಗಳು ಕೀಲ್‌ಗೆ ಅಡ್ಡವಾಗುತ್ತವೆ, ದೋಣಿಯನ್ನು ಮೇಲೆತ್ತಿ ಕೂರಿಸಬೇಕಾಗುತ್ತದೆ, ಆಗ ಇಳಿಸಲು ಇನ್ನೂ ಆಳದ ನೀರು ಬೇಕು. ಬಳಸಿದ ಟ್ರೇಲರ್ ನೋಡಲು ಹೋಗುವಾಗಲೂ ಅದೇ ಸುತ್ತಿಗೆ ಜೇಬಿನಲ್ಲಿರಲಿ. ಮೂಕಿಯ ಮೇಲಿನ ವಿಐಎನ್ (ವಾಹನದ ಗುರುತಿನ ಸಂಖ್ಯೆ) ತಗಡು ಮತ್ತು ಕಾಗದದ ನಂಬರ್ ಒಂದೇ ಇದೆಯೇ ನೋಡಿ. 1981ರಿಂದೀಚಿನ ಟ್ರೇಲರಾದರೆ ಅದು 17 ಅಕ್ಷರದ್ದಾಗಿರಬೇಕು. ದೋಣಿಯ ಕಾಗದ ಬೇರೆ, ಟ್ರೇಲರಿನ ಕಾಗದ ಬೇರೆ. ಎರಡೂ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ.

ಮೊದಲ ಸವಾರಿ

ದುರಸ್ತಿಯಾದ ಮೇಲೆ ಮೊದಲು ಹತ್ತು ಮೈಲಿ ಓಡಿಸಿ ನಿಲ್ಲಿಸಿ. ಎರಡೂ ಹಬ್ಬಿನ ಮೇಲೆ ಅಂಗೈ ಹಿಡಿಯಿರಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ನಟ್ಟು ಹೆಚ್ಚು ಬಿಗಿಯಾಗಿದೆ. ಒಂದು ಕಡೆ ಬೆಚ್ಚಗೆ, ಇನ್ನೊಂದು ಬಿಸಿ ಇದ್ದರೂ ಬಿಚ್ಚಿ ನೋಡಿ. ಐವತ್ತು ಮೈಲಿಯ ನಂತರ ಗಾಲಿಯ ನಟ್ಟುಗಳನ್ನೂ ಯು-ಬೋಲ್ಟ್‌ಗಳನ್ನೂ ಮತ್ತೊಮ್ಮೆ ಬಿಗಿಯಿರಿ, ಹೊಸದು ಸ್ವಲ್ಪ ಸಡಿಲಾಗಿಯೇ ಆಗುತ್ತದೆ. ಗ್ರೀಸ್ ತುಂಬಿ ಬೇರಿಂಗ್ ಕೂರಿಸಿಟ್ಟ ಒಂದು ಹಬ್, ಪಿನ್ನು, ಜಾಕ್, ಸ್ಟೆಪ್ನಿ ಗಾಲಿ ಯಾವಾಗಲೂ ಜೊತೆಗಿರಲಿ. ಆ ಶನಿವಾರ ನನ್ನಲ್ಲಿ ಇಂಥದ್ದೊಂದು ಹಬ್ ಇದ್ದಿದ್ದರೆ ಹೆದ್ದಾರಿಯ ಪಕ್ಕದಲ್ಲಿ ಐದು ಗಂಟೆ ಕಾಯುವ ಬದಲು ಮುಕ್ಕಾಲು ಗಂಟೆಯಲ್ಲಿ ಹೊರಡುತ್ತಿದ್ದೆ.

ಕೆರೆ ತಲುಪಿದ ಕೂಡಲೇ ನೀರಿಗಿಳಿಸಬೇಡಿ. ಮೇಲೆ ವಿದ್ಯುತ್ ತಂತಿಯಿಲ್ಲದ ಕಡೆ ನಿಲ್ಲಿಸಿ, ಹಾಯಿಗಂಬ ಎಬ್ಬಿಸಿ, ಹಗ್ಗಗಳನ್ನು ಕಟ್ಟಿಕೊಳ್ಳಿ. ಅದಕ್ಕೆ ಹೇಗೂ ಅರ್ಧ ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಹಬ್ ತಣ್ಣಗಾಗಿರುತ್ತದೆ. ಕೈಯಿಟ್ಟು ನೋಡಿ, ಆಮೇಲೆ ಇಳಿಸಿ.